ಗಣಪತಿ ಪೆಂಡಾಲಿಗೆ 100 ವ್ಯಾಟಿನ ಆಂಪ್ ತಗೊಳ್ಳಲಾ? ನನ್ನ ಗಿಟಾರ್ ನನಗೇ ಕೇಳ್ತಿಲ್ಲ

ಬೆಣ್ಣೆತಂತಿ, ದಾವಣಗೆರೆ

ಎಲ್ರಿಗೂ ನಮಸ್ಕಾರ. ನಾವು ಐದು ಜನ ಸೇರಿ ಸಣ್ಣದೊಂದು ಆರ್ಕೆಸ್ಟ್ರಾ ಮಾಡ್ಕೊಂಡಿದೀವಿ. ಕೀಬೋರ್ಡು, ರಿದಂ ಪ್ಯಾಡು, ಢೋಲಕ್, ಹಾಡೋನೊಬ್ಬ, ಲೀಡ್ ಗಿಟಾರ್ ನಾನು. ಹಗಲೊತ್ತು ಮಂಡಿಪೇಟೇಲಿ ಬಟ್ಟೆ ಅಂಗಡಿ ಲೆಕ್ಕ ಬರೀತೀನಿ.

ಹೋದ ತಿಂಗಳು ಹರಿಹರದ ಹತ್ರ ಒಂದು ರಿಸೆಪ್ಷನ್. ನನ್ನ 10 ವ್ಯಾಟಿನ ಪ್ರಾಕ್ಟೀಸ್ ಆಂಪನ್ನೇ ತಗೊಂಡು ಹೋಗಿದ್ದೆ. ರಿದಂ ಪ್ಯಾಡ್ ಶುರುವಾಗಿದ್ದೇ ತಡ, ನಾನು ಬಾರಿಸ್ತಿದೀನೋ ಸುಮ್ನೆ ಕೈ ಆಡಿಸ್ತಿದೀನೋ ನನಗೇ ಗೊತ್ತಾಗ್ಲಿಲ್ಲ. ಎರಡನೇ ಹಾಡಿಗೆ ಸೌಂಡಿನವರು ನನ್ನ ಕಾಲಡಿಯ ಎಫೆಕ್ಟ್ ಪೆಡಲ್ಲಿನಿಂದ ನೇರ ಮಿಕ್ಸರಿಗೆ ವೈರ್ ಎಳೆದ್ರು. ಸದ್ದು ಒರಟು ಮಾಡೋ ಡಿಸ್ಟಾರ್ಷನ್ ಒತ್ತಿದೆ ನೋಡ್ರಿ, ಮಲೆನಾಡಿನ ಜೀರುಂಡೆಗಳೆಲ್ಲ ಒಟ್ಟಿಗೆ ಕೂಗಿದಂಗಾಯ್ತು. ಹುಡುಗಿ ಕಡೆ ಹಿರಿಯರೊಬ್ರು ಎರಡೂ ಕಿವಿ ಮುಚ್ಕೊಂಡಿದ್ದು ವಿಡಿಯೋದಲ್ಲಿ ಸ್ಪಷ್ಟವಾಗಿ ಐತೆ. ಕೋರಸ್ ಹಾಡೋಕೆ ಹೋದಾಗ ಮೈಕಿಗೆ ತುಟಿ ತಾಗಿ ಚುರ್ರ್ ಅಂತ ಶಾಕ್ ಬೇರೆ.

ಬೆಂಗಳೂರಲ್ಲಿ ಒಬ್ರು 100 ವ್ಯಾಟಿನ ಟ್ಯೂಬ್ ಹೆಡ್ಡು (ಹಳೇ ಕಾಲದ ವಾಲ್ವಿನ ಆಂಪು, ಒಳಗೆ ಸ್ಪೀಕರ್ ಇರಲ್ಲ), ನಾಲ್ಕು ಸ್ಪೀಕರಿನ ಕ್ಯಾಬಿನೆಟ್ಟು ಸೆಕೆಂಡ್ ಹ್ಯಾಂಡಲ್ಲಿ ಕೊಡ್ತೀನಿ ಅಂತಿದಾರೆ. ನನ್ನ ಹತ್ರ ಇರೋದು 35 ಸಾವಿರ, ಮಿಕ್ಕಿದ್ದು ಕಂತಲ್ಲಿ. ಗಾಡಿ ಅಂದ್ರೆ ಸ್ಕೂಟರ್. ತಗೊಳ್ಳಲಾ?

ಕೋಟೆರಿದಂ, ಚಿತ್ರದುರ್ಗ

ಕಣ್ಮುಚ್ಕೊಂಡು ತಗೋ ಗುರೂ. ಟ್ಯೂಬ್ ಅಂದ್ರೆ ಟ್ಯೂಬೇ. ಸ್ಟೇಜ್ ಮೇಲೆ ಹಿಂದೆ ಅಷ್ಟೆತ್ತರ ಕ್ಯಾಬಿನೆಟ್ ನಿಂತಿದ್ರೆ ಅರ್ಧ ಪ್ರೋಗ್ರಾಂ ಅಲ್ಲೇ ಗೆದ್ದಂಗೆ.

ಹಳೇಸೋಲ್ಡರ್, ದಾವಣಗೆರೆ

ತಮ್ಮಾ, ಆ ಕ್ಯಾಬಿನೆಟ್ ತಗೊಂಡ್ರೆ ಅದರ ಹಿಂದೆನೇ ಒಂದು ಟಾಟಾ ಏಸ್ ತಗೋಬೇಕಾಗ್ತದೆ.

ನಾನೂ ಒಂದು ಕಾಲಕ್ಕೆ ಇದೇ ಹುಚ್ಚು ಹಿಡಿಸ್ಕೊಂಡೋನು. ದುಗ್ಗಮ್ಮನ ಜಾತ್ರೆ ಟೈಮಲ್ಲಿ ದೊಡ್ಡ ಟ್ಯೂಬ್ ಆಂಪ್ ಇಬ್ರ ಹತ್ರ ಹೊರಿಸ್ಕೊಂಡು ಹೋಗಿ, ವಾಲ್ಯೂಮ್ 2 ದಾಟಿಸಿದ್ದಕ್ಕೆ ಹಾಡೋನು ಸ್ಟೇಜ್ ಮೇಲೇ ಬೈದ. 2ರಲ್ಲಿ ಅಂಥಾ ಆಂಪಿಗೆ ಇನ್ನೂ ನಿದ್ದೇನೇ ಬಿಟ್ಟಿರಲ್ಲ. ಮುದ್ದೆ ಮಾಡಿಟ್ಟು ಸಾರು ಬಡಿಸದೇ ಇದ್ದಂಗೆ.

ವ್ಯಾಟಿನ ಲೆಕ್ಕ ನೀನು ತಿಳ್ಕೊಂಡಂಗಿಲ್ಲ. 50 ವ್ಯಾಟಿಗೂ 100 ವ್ಯಾಟಿಗೂ ಇರೋ ಅಂತರ ಬರೀ 3 ಡೆಸಿಬಲ್. ಕಿವಿಗೆ ಎರಡರಷ್ಟು ಜೋರು ಅನ್ನಿಸ್ಬೇಕಂದ್ರೆ ಸುಮಾರು 10 ಡೆಸಿಬಲ್ ಬೇಕು, ಅಂದ್ರೆ ವ್ಯಾಟು ಹತ್ತು ಪಟ್ಟು. ಜನಕ್ಕೆ ಕೇಳಿಸೋ ಕೆಲಸ ಹೆಂಗೂ ಸೌಂಡಿನವರ ದೊಡ್ಡ ಬಾಕ್ಸಿಂದು. ನಿನ್ನ ಆಂಪ್ ನಿನಗೆ, ಪಕ್ಕದೋನಿಗೆ ಕೇಳಿದ್ರೆ ಆಯ್ತು.

ಇನ್ನು ಆ ಜೀರುಂಡೆ. ಮಂಡಕ್ಕಿ ಭಟ್ಟಿ ನೋಡಿದೀಯಲ್ಲ? ಕಾದ ಮರಳಲ್ಲಿ ಅಕ್ಕಿ ಹುರಿದು ಜರಡಿ ಹಿಡಿದಾಗ ಮರಳು ಕೆಳಗೆ, ಮಂಡಕ್ಕಿ ಮೇಲೆ. ಗಿಟಾರ್ ಆಂಪಿನ 12 ಇಂಚಿನ ಸ್ಪೀಕರ್ ಆ ಜರಡಿ ಇದ್ದಂಗೆ. ಸುಮಾರು 5 ಸಾವಿರ ಹರ್ಟ್ಸ್ ದಾಟಿದ್ದನ್ನ ಅದು ಹೆಚ್ಚು ಹೊರಗೆ ಬಿಡಲ್ಲ. ಡಿಸ್ಟಾರ್ಷನ್ ಪೆಡಲ್ಲು ಹುಟ್ಟಿಸೋ ಮರಳೆಲ್ಲ ಅಲ್ಲೇ ಉಳೀತದೆ. ನೇರ ಮಿಕ್ಸರಿಗೆ ಕೊಟ್ರೆ ಜರಡಿನೇ ಇಲ್ಲ. ಸೌಂಡಿನವರ ಹಾರ್ನು ಮರಳನ್ನೂ ನಿಷ್ಠೆಯಿಂದ ಜನದ ಕಿವಿಗೆ ಸುರೀತದೆ. ನೇರ ಕೊಡಲೇಬೇಕು ಅಂದ್ರೆ ಕ್ಯಾಬಿನೆಟ್ ಸಿಮ್ಯುಲೇಷನ್, ಅಂದ್ರೆ ಆ ಸ್ಪೀಕರಿನ ಜರಡಿ ಕೆಲಸ ತಾನೇ ಮಾಡೋ ಪೆಡಲ್ ಬೇಕು. ಇಲ್ಲಾಂದ್ರೆ ಆಂಪಿನ ಮುಂದೆ ಮೈಕ್ ಇಡಿಸು. ಶೂರ್ ಎಸ್‌ಎಂ57 ಅಂತ ಐತಲ್ಲ, 1965ರಿಂದ ಬರ್ತಿರೋ ಮೈಕು, ಅದು ಸಾಕು. ಸ್ಪೀಕರಿನ ಮುಂದಿನ ಬಟ್ಟೆಗೆ ಒಂದಿಂಚು ದೂರ, ಸ್ಪೀಕರಿನ ನಡುಮಧ್ಯ ಬೇಡ, ಸ್ವಲ್ಪ ಪಕ್ಕಕ್ಕೆ. ನಡುಮಧ್ಯ ಇಟ್ರೆ ಮತ್ತೆ ಚುಚ್ತದೆ.

ಕೊಳ್ಳೋದಾದ್ರೆ 50 ವ್ಯಾಟಿನ, 12 ಇಂಚಿನ ಒಂದೇ ಸ್ಪೀಕರಿನ ಕಾಂಬೋ (ಆಂಪು, ಸ್ಪೀಕರ್ ಒಂದೇ ಪೆಟ್ಟಿಗೇಲಿ) ನೋಡು. ಬಾಸ್ ಬ್ರ್ಯಾಂಡಿನ ಕಟಾನಾ 50 ನಾನು ಬಿಚ್ಚಿ ನೋಡಿದೀನಿ. 12 ಕೆಜಿ ಒಳಗೇ ಐತೆ, ಸ್ಕೂಟರಿನ ಮುಂದೆ ಕೂರ್ತದೆ. ಅರ್ಧ ವ್ಯಾಟಿಗೂ ಇಳಿಸ್ಬೋದು, ರಾತ್ರಿ ಮನೇಲಿ ಅಪ್ಪ ಬೈಯಲ್ಲ. ಆದ್ರೆ ಅದರ ಹೆಡ್‌ಫೋನ್-ರೆಕಾರ್ಡಿಂಗ್ ತೂತಿಗೆ ಜ್ಯಾಕ್ ಹಾಕಿದ್ರೆ ಮುಂದಿನ ಸ್ಪೀಕರ್ ಬಂದ್ ಆಗ್ತದೆ. ಇದು ಗೊತ್ತಿಲ್ದೆ ಒಬ್ಬ ಹುಡುಗ ಆಂಪ್ ಕೆಟ್ಟೋಯ್ತು ಅಂತ ನಮ್ಮನೆಗೇ ಹೊತ್ಕೊಂಡ್ ಬಂದಿದ್ದ.

ಮನೇಲಿ ಒಬ್ನೇ ಕೂತಾಗ ಬೇಸು (ದಪ್ಪ ಸದ್ದು), ಟ್ರೆಬಲ್ಲು (ಮೊನಚು ಸದ್ದು) ಏರಿಸಿ ನಡುವಿನ ಮಿಡ್ ಇಳಿಸಿರ್ತೀಯ, ಎಲ್ರೂ ಮಾಡೋದೇ. ಪೆಂಡಾಲಲ್ಲಿ ದಪ್ಪ ಸದ್ದಿನ ಜಾಗದಲ್ಲಿ ರಿದಂ ಪ್ಯಾಡ್ ಕೂತಿರ್ತದೆ, ಮೊನಚು ಸದ್ದಿನ ಜಾಗದಲ್ಲಿ ಅದರ ಸಿಂಬಲ್ಲು (ತಾಳದ ತಟ್ಟೆ ಸದ್ದು). ನಡುವಿನ ಜಾಗ ಬಿಟ್ಟುಕೊಟ್ಟೋನು ನೀನೇ. ಮಿಡ್ ಏರಿಸು. ಆಂಪನ್ನ ನೆಲದ ಮೇಲೆ ಇಡ್ಬೇಡ, ಮೊಣಕಾಲಿಗೆ ಕಿವಿ ಇಲ್ಲ.

ಶಾಕಿನ ವಿಷಯ ಎಲ್ಲಕ್ಕಿಂತ ಮೊದಲು ಕೇಳ್ಬೇಕಿತ್ತು. ನಿನ್ನ ಆಂಪಿನ ಅರ್ಥೂ ಮೈಕಿನ ಕಡೆ ಅರ್ಥೂ ಒಂದೇ ಆಗಿಲ್ಲ, ಇಲ್ಲಾ ಒಂದು ಕಡೆ ಅರ್ಥೇ ಇಲ್ಲ. ಮೀಟರನ್ನ ಎಸಿ ವೋಲ್ಟಿಗೆ ಇಟ್ಟು ಒಂದು ಕಡ್ಡಿ ಗಿಟಾರ್ ತಂತಿಗೆ, ಇನ್ನೊಂದು ಮೈಕಿನ ಜಾಲರಿಗೆ ಮುಟ್ಟಿಸು. ಒಂದೆರಡು ವೋಲ್ಟ್ ಬಂದ್ರೆ ಪರವಾಗಿಲ್ಲ. ಹತ್ತಾರು ತೋರಿಸಿದ್ರೆ ಅದನ್ನ ಸರಿ ಮಾಡ್ಸೋವರೆಗೂ ಗಿಟಾರ್ ಹಾಕ್ಕೋಬೇಡ. ಗುಂಯ್ ಅನ್ನೋ ಹಮ್ ಹೋಗ್ಲಿ ಅಂತ ಅರ್ಥ್ ಪಿನ್ ಮುರಿಯೋ ಮಹಾನುಭಾವರಿದಾರೆ, ಅವರ ಮಾತು ಕೇಳ್ಬೇಡ. ಹಮ್ಮಿಗೆ ಡಿಐ ಬಾಕ್ಸಲ್ಲಿ (ಗಿಟಾರಿನ ಸಿಗ್ನಲ್ಲನ್ನ ಮಿಕ್ಸರಿಗೆ ಹೊಂದಿಸಿ ಕೊಡೋ ಸಣ್ಣ ಡಬ್ಬಿ) ಗ್ರೌಂಡ್ ಲಿಫ್ಟ್ ಅಂತ ಗುಂಡಿ ಇರ್ತದೆ, ಅದು ಸಿಗ್ನಲ್ ವೈರಿನ ಗ್ರೌಂಡ್ ಮಾತ್ರ ಬಿಡಿಸ್ತದೆ.

ಶಾಮಿಯಾನಸೌಂಡ್, ದಾವಣಗೆರೆ

ಎಲ್ಲಾದಕ್ಕೂ ಸೌಂಡಿನೋರನ್ನೇ ಬೈಬೇಡ್ರಿ ಯಜಮಾನ್ರೇ. ಗಿಟಾರಿನೋರು ಬರೋದೇ ಗಣಪತಿ ಮಂಗಳಾರತಿ ಆದ್ಮೇಲೆ, ಸೌಂಡ್ ಚೆಕ್ಕಿಗೆ ಟೈಮೆಲ್ಲಿ? 10 ಗಂಟೆಗೆ ಪೊಲೀಸ್ನೋರು ಬಂದು ಬಂದ್ ಮಾಡ್ಸ್ತಾರೆ. ಡಿಐ ಬಾಕ್ಸ್ ನಿಮ್ದೇ ಒಂದು ಇಟ್ಕೊಳ್ರಿ. ಗಿಟಾರಿಂದ ಪೆಡಲಿಗೆ 20 ಅಡಿಗಿಂತ ಉದ್ದದ ವೈರ್ ತರ್ಬೇಡ್ರಿ, ಮೊನಚೆಲ್ಲ ವೈರಲ್ಲೇ ಸತ್ತು ಮಬ್ಬಾಗ್ತದೆ. ಡಿಐ ಬಾಕ್ಸಿಂದ ಮಿಕ್ಸರಿಗೆ ನಾವು 100 ಅಡಿ ಎಳೆದ್ರೂ ಏನೂ ಆಗಲ್ಲ. ಒಂದು ವೈರ್ ಸ್ಪೇರು ಇರ್ಲಿ, ನಮ್ದನ್ನ ಕೇಳ್ಬೇಡ್ರಿ.

ಕೋಟೆರಿದಂ, ಚಿತ್ರದುರ್ಗ

ನಾನು ಹೇಳಿದ್ದು ಲುಕ್ಕಿಗೆ ಅಷ್ಟೇ ಅಣ್ಣ. ಆದ್ರೂ ಆ ಹೆಡ್ಡನ್ನ ನೋಡೋಕಂತ ಹೋದ್ರೆ ಸ್ಪೀಕರ್ ಸಿಗಿಸದೆ ಆನ್ ಮಾಡ್ಬೇಡ ಗುರೂ. ಟ್ಯೂಬ್ ಆಂಪಿಗೆ ಲೋಡ್ ಇಲ್ದಿದ್ರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರೇ ಸುಟ್ಟೋಗ್ಬೋದು. ಹೆಂಗೆ ಗೊತ್ತು ಅಂತ ಕೇಳ್ಬೇಡ.

ಬೆಣ್ಣೆತಂತಿ, ದಾವಣಗೆರೆ

ಹೆಡ್ಡು ಬೇಡ ಅಂತ ಫೋನ್ ಮಾಡಿ ಹೇಳ್ದೆ. ಗೆಳೆಯನ ಕಟಾನಾ ಒಂದು ದಿನಕ್ಕೆ ಇಸ್ಕೊಂಡು ನಿನ್ನೆ ನಿಟ್ಟುವಳ್ಳಿ ಪ್ರೋಗ್ರಾಮಿಗೆ ಹೋಗಿದ್ದೆ. ಎರಡು ಇಟ್ಟಿಗೆ ಕೊಟ್ಟು ಹಿಂದಕ್ಕೆ ಓರೆ ಮಾಡಿಟ್ಟೆ, ಮಿಡ್ ಏರಿಸ್ದೆ. ಮೊದಲನೇ ಸಲ ನನ್ನ ತಪ್ಪುಗಳೆಲ್ಲ ನನಗೆ ನೀಟಾಗಿ ಕೇಳಿದ್ವು.

ಸೋಲ್ಡರ್ ಅಣ್ಣ, ಮೀಟರ್ ಹಿಡಿದ್ರೆ ಮೈಕಿಗೂ ತಂತಿಗೂ 90 ಚಿಲ್ಲರೆ ವೋಲ್ಟ್! ಎಕ್ಸ್‌ಟೆನ್ಷನ್ ಬಾಕ್ಸ್ ಬಿಚ್ಚಿದ್ವಿ. ಮೂರು ತೂತು ಐತೆ, ಒಳಗೆ ಎರಡೇ ವೈರು, ಅರ್ಥ್ ವೈರೇ ಇಲ್ಲ. ಅದು ಸೌಂಡಿನವರದ್ದಲ್ಲ, ನಾನೇ ಮನೆಯಿಂದ ತಗೊಂಡು ಹೋಗಿದ್ದು. ಅವರ ಬೋರ್ಡಿಗೇ ಸಿಗಿಸಿದ್ಮೇಲೆ ಮೀಟರ್ ಒಂದು ವೋಲ್ಟೂ ತೋರಿಸ್ಲಿಲ್ಲ. ಸೌಂಡಿನಣ್ಣ ಮೊದಲು ನಕ್ಕ, ಆಮೇಲೆ ನನ್ನ ಮೀಟರ್ ಇಸ್ಕೊಂಡು ಬೇರೆ ಪೆಂಡಾಲಿಗೆ ಹೋದೋನು ಇನ್ನೂ ವಾಪಸ್ ಕೊಟ್ಟಿಲ್ಲ.