ಬೇಕರಿ ಕೌಂಟರ್ ಮೇಲೆ ಇಡುವಂಥ ಬೊಂಬೆ ಸ್ಟ್ಯಾಂಡ್ ಹೇಗೆ ಮಾಡಿಸಲಿ?

ಬೊಂಬೆ ಅಂಗಡಿ:
ನಮ್ಮದು ಚನ್ನಪಟ್ಟಣದ ಹಳೇ ಮೈಸೂರು ರಸ್ತೆಯಲ್ಲಿ ಬೊಂಬೆ ಅಂಗಡಿ. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಆದ ಮೇಲೆ ಗಾಡಿಗಳೆಲ್ಲ ಬೈಪಾಸ್ ಹಿಡಿದು ಹೋಗಿಬಿಡುತ್ತವೆ, ನಿಲ್ಲಿಸಿ ಕೊಳ್ಳುವವರು ಕಡಿಮೆ. ಅದಕ್ಕೆ ಬೆಂಗಳೂರು, ಮೈಸೂರಿನ ಬೇಕರಿ, ಪುಸ್ತಕದ ಅಂಗಡಿಗಳಲ್ಲಿ ಒಂದೊಂದು ಚಿಕ್ಕ ಸ್ಟ್ಯಾಂಡ್ ಇಟ್ಟು, ಮಾರಿದಷ್ಟಕ್ಕೆ ಅವರಿಗೆ ಕಮಿಷನ್ ಕೊಡೋಣ ಅಂತಿದ್ದೇನೆ. ಬುಗುರಿ, ಗಿಲಕಿ, ಬಳೆ, ಕೀ ಚೈನ್, ಇಷ್ಟೇ. ಒಬ್ಬರು ಇಂಟೀರಿಯರ್‌ನವರನ್ನು ಕೇಳಿದರೆ ಆಳೆತ್ತರದ ಡ್ರಾಯಿಂಗ್ ಕಳಿಸಿದರು. ಒಳಗೆ ಲೈಟು, ಮಿರಮಿರ ಮಿಂಚುವ ಸನ್ಮೈಕಾ, ತಲೆ ಮೇಲೆ ಕಿರೀಟದಂಥ ಬೋರ್ಡು. ಚೆನ್ನಾಗೇನೋ ಇದೆ, ಆದರೆ ಅದನ್ನು ಯಾವ ಬೇಕರಿಯವರು ಒಳಗೆ ಬಿಡುತ್ತಾರೆ? ಪ್ಲೈವುಡ್ಡಾ, ಎಂಡಿಎಫ್ಫಾ (ಮರದ ನಾರು ಒತ್ತಿ ಮಾಡಿದ ಹಲಗೆ), ಕಬ್ಬಿಣವಾ? ತಿರುಗುವ ಸ್ಟ್ಯಾಂಡ್ ಮಾಡಿಸಿದರೆ ಹೇಗೆ? ಮೊದಲಿಗೆ ಹತ್ತು ಸಾಕು. ಬಸ್ಸಿನಲ್ಲಿ ಹಾಕಿಕೊಂಡು ಹೋಗುವಂತಿರಬೇಕು.

ಪಫ್ಸ್ ಬಿಸಿ ಇದೆ:
ನಾನು ಬೇಕರಿಯವನು, ನಮ್ಮ ಕಡೆಯ ಮಾತು ಹೇಳುತ್ತೇನೆ. ಕೌಂಟರ್ ಮೇಲಿನ ಒಂದು ಅಡಿ ಜಾಗಕ್ಕೆ ಚಾಕೊಲೇಟ್ ಕಂಪನಿಯವರು, ಚ್ಯೂಯಿಂಗ್ ಗಮ್‌ನವರು ಎಲ್ಲ ಪುಕ್ಕಟೆ ಸ್ಟ್ಯಾಂಡ್ ಹಿಡಿದುಕೊಂಡು ಬರುತ್ತಾರೆ. ನಿಮ್ಮದು ಅಗಲ ಒಂದು ಅಡಿ, ಎತ್ತರ 15 ಇಂಚು ದಾಟಬಾರದು. ದಾಟಿದರೆ ಗಲ್ಲಾದಲ್ಲಿ ಕೂತವನಿಗೆ ಗಿರಾಕಿಯ ಮುಖವೇ ಕಾಣಲ್ಲ, ಚಿಲ್ಲರೆ ಕೊಡುವಾಗ ಸ್ಟ್ಯಾಂಡ್ ಸುತ್ತ ಕೈ ಹಾಕಬೇಕು, ಎರಡೇ ದಿನಕ್ಕೆ ಬೇಜಾರಾಗಿ ಅದನ್ನು ಮೂಲೆಗೆ ತಳ್ಳುತ್ತೇವೆ.

ನಾವು ಕೌಂಟರನ್ನು ಗಂಟೆಗೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸುತ್ತೇವೆ. ತಳಕ್ಕೆ ರಬ್ಬರ್ ಕಾಲು ಬೇಕೇ ಬೇಕು, ಇಲ್ಲಾಂದ್ರೆ ಅಡಿಯಲ್ಲಿ ನೀರು, ಕೇಕಿನ ಪುಡಿ, ಆಮೇಲೆ ಇರುವೆ. ಇನ್ನೊಂದು, ಮಕ್ಕಳ ಕೈಯೆಲ್ಲ ಕ್ರೀಮು. ಒಂದು ಗಿಲಕಿಗೆ ದಾರ ಕಟ್ಟಿ ಆಡಲು ಬಿಡಿ, ಮಾರುವ ಮಾಲು ಉಳಿಯುತ್ತದೆ.

ಉಳಿ ಬಾಚಿ:
ಎಂಡಿಎಫ್ ಬೇಡ ಅಣ್ಣ. ನೀರು ಕುಡಿದರೆ ಊದಿಕೊಳ್ಳುತ್ತೆ, ಅಂಚಿಗೆ ಸ್ಕ್ರೂ ಹಾಕಿದರೆ ಬಿರಿಯುತ್ತೆ. 12 ಎಂಎಂ ಪ್ಲೈವುಡ್ ತಗೊಳ್ಳಿ, ಬೇಕರಿಗಾದರೆ ಬಿಡಬ್ಲ್ಯೂಪಿ ಗ್ರೇಡ್, ಅಂದರೆ ನೀರು ತಡೆಯುವಂಥದ್ದು. ಹಿಂದೊಂದು ಹಲಗೆ, ಪಕ್ಕಕ್ಕೆರಡು ಇಳಿಜಾರು ಹಲಗೆ, ಮೂರು ಮೆಟ್ಟಿಲು, ಒಂದು ತಳ. 8×4 ಅಡಿ ಹಾಳೆಯಲ್ಲಿ ಐದು ಸ್ಟ್ಯಾಂಡ್ ಆರಾಮಾಗಿ ಬರುತ್ತೆ, ಹತ್ತಕ್ಕೆ ಎರಡು ಹಾಳೆ. ಮೊಳೆ, ಗೋಂದು ಬೇಡ, ಹಲಗೆಗೆ ಹಲಗೆ ಕಚ್ಚು ಕೊಯ್ದು ಕೂರಿಸಿ. ಬಿಚ್ಚಿದರೆ ಒಂದು ಬ್ಯಾಗಿಗೆ ಹಿಡಿಯುತ್ತೆ. ಆದರೆ ಒಂದು ಎಚ್ಚರ: 12 ಎಂಎಂ ಅಂತ ಬರೆದಿರುವ ಹಾಳೆ ಸರಿಯಾಗಿ 12 ಇರುವುದು ಅಪರೂಪ, ಅದಕ್ಕೆ ಅಂಗಡಿಯಿಂದ ಹಾಳೆ ಬಂದ ಮೇಲೆ ಕ್ಯಾಲಿಪರ್‌ನಲ್ಲಿ ಅಳೆದು ಆಮೇಲೆ ಕಚ್ಚಿನ ಅಗಲ ಹೇಳಿ, ಮೊದಲೇ ಸಿಎನ್‌ಸಿಯವನಿಗೆ (ಕಂಪ್ಯೂಟರ್ ಮೆಷಿನ್ನಿನಲ್ಲಿ ಹಲಗೆ ಕೊಯ್ಯುವವನು) ಡ್ರಾಯಿಂಗ್ ಕೊಟ್ಟುಬಿಟ್ಟರೆ ಹತ್ತೂ ಲೊಡಲೊಡ ಅನ್ನುತ್ತವೆ.

ತಿರುಗುವುದು ಚಂದ, ಆದರೆ ಲೆಕ್ಕ ನೋಡಿ. 12 ಇಂಚಿನ ಚೌಕ ತಿರುಗಲು 17 ಇಂಚು ಜಾಗ ಬೇಕು, ಮೂಲೆಯಿಂದ ಮೂಲೆಗೆ ಅಷ್ಟಿರುತ್ತೆ. ಬೇಕರಿಯವರು ಕೊಡುವುದೇ ಒಂದು ಅಡಿ ಅಂತಿದ್ದಾರಲ್ಲ.

ಬಳೆ, ಕೀ ಚೈನ್ ನೇತು ಹಾಕಲು ಬಜಾರಿನ ಕಬ್ಬಿಣದ ಕೊಕ್ಕೆ ತರಬೇಡಿ. ಆಲೆ ಮರದ ಗೂಟಗಳನ್ನು ನಿಮ್ಮ ಲೇತಿನಲ್ಲೇ ತಿರುವಿ ಅರಗು ಹಚ್ಚಿಸಿ. ತೂತು ಸ್ವಲ್ಪ ವಾರೆಯಾಗಿ ಕೊರೆಸಿ, ಗೂಟದ ತುದಿ ಚೂರು ಮೇಲಕ್ಕೆ ಇರಬೇಕು. ನೆಟ್ಟಗಿದ್ದರೆ ಯಾರೋ ಮೊಣಕೈ ತಾಗಿಸಿದ ಕೂಡಲೇ ಬಳೆಯೆಲ್ಲ ನೆಲಕ್ಕೆ.

ಪೀಣ್ಯ ಶೆಡ್:
ನೂರು ಬೇಕಾದಾಗ ನಮ್ಮ ಕಡೆ ಬನ್ನಿ, ತಂತಿ ಬೆಸೆದು ಪೌಡರ್ ಕೋಟಿಂಗ್ ಮಾಡಿಸೋಣ. ಹತ್ತಕ್ಕೆ ಮರವೇ ಸರಿ. ಅದೂ ಅಲ್ಲದೆ ಮರದ ಬೊಂಬೆ ಮಾರಲು ಕಬ್ಬಿಣದ ಸ್ಟ್ಯಾಂಡ್ ಯಾಕೆ?

ಷೋಕೇಸ್ ಅಕ್ಕ:
ಅಂಗಡಿಗಳಿಗೆ ಡಿಸ್‌ಪ್ಲೇ ಜೋಡಿಸುವುದೇ ನನ್ನ ಕೆಲಸ. ಆ ಮಿಂಚುವ ಸನ್ಮೈಕಾ ಕೈಬಿಟ್ಟದ್ದು ಒಳ್ಳೆಯದಾಯಿತು. ಅರಗಿನ ಹೊಳಪೇ ನಿಮ್ಮ ಬೊಂಬೆಯ ಅಂದ, ಹಿಂದೆ ಇನ್ನೊಂದು ಹೊಳಪು ಇದ್ದರೆ ಎರಡೂ ಸಾಯುತ್ತವೆ. ಪ್ಲೈವುಡ್ಡಿಗೆ ಹೊಳಪಿಲ್ಲದ ಮ್ಯಾಟ್ ಪಾಲಿಶ್ ಸಾಕು. ಹಳದಿ ಬೊಂಬೆ ಮರದ ಬಣ್ಣದಲ್ಲಿ ಕಳೆದುಹೋಗುತ್ತೆ ಅನಿಸಿದರೆ ಹಿಂದಿನ ಹಲಗೆಗೆ ಮಾತ್ರ ಕಡು ಬೂದು ಬಣ್ಣ ಹೊಡೆಸಿ.

ಮೆಟ್ಟಿಲು ಮೂರು ಇಂಚಿಗಿಂತ ಆಳ ಬೇಡ. ಆಳ ಜಾಸ್ತಿ ಇದ್ದರೆ ತುಂಬಿಸಲು ಮಾಲು ಜಾಸ್ತಿ ಬೇಕು, ನಾಲ್ಕು ಮಾರಿದ ಕೂಡಲೇ ಬಿಕೋ ಅನ್ನುತ್ತೆ. ಅರ್ಧ ಖಾಲಿ ಸ್ಟ್ಯಾಂಡ್ ನೋಡಿದ ಗಿರಾಕಿಗೆ ಇದು ಯಾರಿಗೂ ಬೇಡವಾಗಿ ಉಳಿದ ಮಾಲು ಅನಿಸುತ್ತೆ, ಅಲ್ವಾ?

ಜಾಗ ಆರಿಸುವಾಗ ಬಿಸಿಲು ನೋಡಿ. ಬೊಂಬೆಗೆ ಹಾಕುವ ಅರಿಶಿನದ ಹಳದಿ ಬಣ್ಣ ಬಿಸಿಲಿಗೆ ಬೇಗ ಮಾಸುತ್ತೆ. ಪಫ್ಸ್ ಬಿಸಿ ಇಡುವ ಪೆಟ್ಟಿಗೆಯ ಪಕ್ಕವಂತೂ ಬೇಡವೇ ಬೇಡ. ಲೇತಿನಲ್ಲಿ ಉಜ್ಜುವ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುವುದು ನಿಮಗೇ ಗೊತ್ತಲ್ಲ. ಮತ್ತೆ ತಲೆಬರಹದಲ್ಲಿ ಊರ ಹೆಸರು ದೊಡ್ಡದಾಗಿ ಇರಲಿ, ನಿಮ್ಮ ಅಂಗಡಿಯ ಹೆಸರು ಚಿಕ್ಕದಾಗಿದ್ದರೆ ಸಾಕು (ಬೇಜಾರು ಮಾಡ್ಕೋಬೇಡಿ). ಜಿಐ (ಭೌಗೋಳಿಕ ಗುರುತು) ಲೋಗೋ ಹಾಕುವುದಾದರೆ ಅಧಿಕೃತ ಬಳಕೆದಾರ ಅಂತ ನೋಂದಣಿ ಇರಬೇಕು.

ಬೊಂಬೆ ಅಂಗಡಿ:
ಎಲ್ಲರಿಗೂ ಥ್ಯಾಂಕ್ಸ್. ತಿರುಗುವುದು ಕ್ಯಾನ್ಸಲ್, ಮೆಟ್ಟಿಲೇ ಮಾಡಿಸುತ್ತೇನೆ. ಗೂಟದ ಐಡಿಯಾ ಕೇಳಿ ನಮ್ಮಪ್ಪನಿಗೆ ಖುಷಿಯೋ ಖುಷಿ, ಈಗಾಗಲೇ ಕೆಂಪು, ಹಸಿರು ತಿರುವಿಟ್ಟಿದ್ದಾರೆ. ಒಂದೇ ಚಿಂತೆ, ಲೆಕ್ಕ. ಬೇಕರಿಯವರು ಗಡಿಬಿಡಿಯಲ್ಲಿ ಬರೆದಿಡಲ್ಲ. ಬುಗುರಿ ಬೇರೆ ಉರುಳುತ್ತೆ.

ಉಳಿ ಬಾಚಿ:
ಎರಡಕ್ಕೂ ಒಂದೇ ಮದ್ದು. ಕೆಳಗಿನ ಮೆಟ್ಟಿಲಿನಲ್ಲಿ ಬುಗುರಿಯ ಮೊನೆ ಇಳಿಯುವಷ್ಟು ತೂತು ಕೊರೆಸಿ, ಸಾಲಿಗೆ ಆರು, ಎರಡು ಸಾಲು. ಬುಗುರಿ ನೆಟ್ಟಗೆ ನಿಲ್ಲುತ್ತೆ, ಉರುಳಲ್ಲ. ನೀವು ಹೋದಾಗ ಖಾಲಿ ತೂತು ಎಣಿಸಿದರೆ ಅಷ್ಟು ಹೋಗಿದೆ ಅಂತ, ಬೇಕರಿಯವರೂ ಕಣ್ಣಾರೆ ನೋಡುತ್ತಾರೆ. ಗೂಟಕ್ಕೂ ಹಾಗೇ, ಒಂದಕ್ಕೆ ನಾಲ್ಕು ಬಳೆ ಅಂತ ಗೊತ್ತು ಮಾಡಿಕೊಳ್ಳಿ.

ಪಫ್ಸ್ ಬಿಸಿ ಇದೆ:
ಇದು ನನಗೂ ಒಪ್ಪಿಗೆ, ಚೀಟಿ ಬರೆಯುವ ಕೆಲಸ ಇಲ್ಲ. ಬೆಲೆ ಮಾತ್ರ ಪ್ರತಿ ಮೆಟ್ಟಿಲಿನ ಅಂಚಿಗೆ ದೊಡ್ಡದಾಗಿ ಅಂಟಿಸಿ, ಒಂದು ಮೆಟ್ಟಿಲಿಗೆ ಒಂದೇ ರೇಟು. ಸಂಜೆ ರಶ್ಶಿನಲ್ಲಿ "ಇದೆಷ್ಟು, ಅದೆಷ್ಟು" ಅಂತ ಕೇಳಿದರೆ ನಮ್ಮ ಹುಡುಗರು ಬಾಯಿಗೆ ಬಂದದ್ದು ಹೇಳಿಬಿಡುತ್ತಾರೆ.