ಕೆಲಸದ ಓಡಾಟಕ್ಕೆ ಗೇಮಿಂಗ್ ಲ್ಯಾಪ್‌ಟಾಪ್: ಹೆಸರಿನಲ್ಲಿ ಒಂದೇ 4060, ತೂಕದಲ್ಲಿ ಒಂದು ಕೆಜಿ ವ್ಯತ್ಯಾಸ. ಯಾವುದು ತೊಗೊಳ್ಳಲಿ?

ಹಗುರ_ಚೀಲ:

ತಿಂಗಳಿಗೆ ಹತ್ತು ಹನ್ನೆರಡು ದಿನ ಕೆಲಸದ ಮೇಲೆ ಓಡಾಟ, ಅರ್ಧ ವಿಮಾನದಲ್ಲಿ. ಕಂಪನಿಯ 1.3 ಕೆಜಿ ಲ್ಯಾಪ್‌ಟಾಪ್ ಹೇಗೂ ಚೀಲದಲ್ಲಿರುತ್ತದೆ, ಆದರೆ ಅದರಲ್ಲಿ ಗೇಮ್ ಹಾಕುವಂತಿಲ್ಲ. ರಾತ್ರಿ ರೂಮಿಗೆ ಬಂದ ಮೇಲೆ ಎರಡು ಗಂಟೆ ಆಡಲು ಬೇರೆ ಮೆಷಿನ್ ಬೇಕು. ಆಡುವುದು ಮುಖ್ಯವಾಗಿ ಸೈಬರ್‌ಪಂಕ್ 2077, ಎಲ್ಡನ್ ರಿಂಗ್, ಆಗಾಗ ವ್ಯಾಲರಂಟ್.

ಎರಡು ಮಾಡೆಲ್‌ಗಳ ನಡುವೆ ಸಿಕ್ಕಿಕೊಂಡಿದ್ದೇನೆ. ಮೊದಲನೆಯದು 16 ಇಂಚು, 2.5 ಕೆಜಿ, ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಚಿಪ್, ಅದಕ್ಕೆ 140 ವ್ಯಾಟ್. ಎರಡನೆಯದು 14 ಇಂಚು, 1.5 ಕೆಜಿ, ಅದೇ 4060, ಆದರೆ 90 ವ್ಯಾಟ್; ಬ್ಯಾಟರಿ 73 ವ್ಯಾಟ್-ಅವರ್. ವೇಗದಲ್ಲಿ ನಿಜಕ್ಕೂ ಎಷ್ಟು ಅಂತರ ಬರುತ್ತದೆ? 100 ವ್ಯಾಟ್‌ನ ಒಂದೇ ಟೈಪ್-ಸಿ ಚಾರ್ಜರ್‌ನಲ್ಲಿ ಕಂಪನಿಯದ್ದನ್ನೂ ಇದನ್ನೂ ನಡೆಸಬಹುದೇ? ಅಥವಾ ಲ್ಯಾಪ್‌ಟಾಪ್ ಯೋಚನೆಯನ್ನೇ ಬಿಟ್ಟು ಕೈಯಲ್ಲಿ ಹಿಡಿದು ಆಡುವ ಸ್ಟೀಮ್ ಡೆಕ್ ಥರದ್ದು ಸಾಕೇ?

ವ್ಯಾಟ್_ಲೆಕ್ಕ:

14 ಇಂಚಿನದ್ದನ್ನೇ ತೊಗೊಳ್ಳಿ. ಕಾರಣ ಹೇಳುತ್ತೇನೆ.

ಲ್ಯಾಪ್‌ಟಾಪ್‌ನ 4060ಗೆ 35ರಿಂದ 115 ವ್ಯಾಟ್‌ವರೆಗೆ ಎಷ್ಟು ಬೇಕಾದರೂ ಕೊಡುವ ಸ್ವಾತಂತ್ರ್ಯ ತಯಾರಕರಿಗಿದೆ. ನೀವು ನೋಡಿದ 140 ಎಂದರೆ 115ರ ಮೇಲೆ ಡೈನಾಮಿಕ್ ಬೂಸ್ಟ್‌ನ 25 ಸೇರಿಸಿದ ಲೆಕ್ಕ. ಪ್ರೊಸೆಸರ್ ಬಿಡುವಾಗಿದ್ದಾಗ ಅದರ ಪಾಲನ್ನು ಗ್ರಾಫಿಕ್ಸ್‌ಗೆ ತಿರುಗಿಸುತ್ತಾರೆ, ಅಷ್ಟೇ. ಈ ಚಿಪ್ 100 ವ್ಯಾಟ್ ಆಸುಪಾಸಿಗೆ ಬರುವಷ್ಟರಲ್ಲಿ ವೋಲ್ಟೇಜ್ ಮಿತಿಗೆ ತಾಗುತ್ತದೆ. ಆಮೇಲೆ ಎಷ್ಟು ವ್ಯಾಟ್ ಸುರಿದರೂ ಚಿಪ್ ಓಡುವ ವೇಗ (ಕ್ಲಾಕ್ ಸ್ಪೀಡ್) ಹೆಚ್ಚು ಏರುವುದಿಲ್ಲ. ಹಾಗಾಗಿ 90ಕ್ಕೂ 140ಕ್ಕೂ ಇರುವ ಅಂತರ ಆ ಅಂಕಿಗಳು ಹೆದರಿಸುವಷ್ಟು ದೊಡ್ಡದಲ್ಲ. 45 ವ್ಯಾಟ್‌ನ 4060 ಆಗಿದ್ದರೆ ಮಾತು ಬೇರೆ, ಅದನ್ನು ಮುಟ್ಟಬೇಡಿ. ಅಂಗಡಿಯಲ್ಲಿ ಮೆಷಿನ್ ಆನ್ ಆಗಿದ್ದರೆ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಸಿಸ್ಟಮ್ ಇನ್ಫರ್ಮೇಶನ್ ತೆರೆದರೆ ಗರಿಷ್ಠ ವ್ಯಾಟ್ ಎಷ್ಟು ಎಂದು ಕಾಣುತ್ತದೆ. ಪೆಟ್ಟಿಗೆಯ ಮೇಲೆ ಬರೆದದ್ದಕ್ಕಿಂತ ಅದನ್ನು ನಂಬಿ.

ಎರಡರಲ್ಲೂ ನಿಮ್ಮನ್ನು ಕಟ್ಟಿಹಾಕುವುದು 8 ಜಿಬಿ ವಿಡಿಯೊ ಮೆಮೊರಿ. ಸೈಬರ್‌ಪಂಕ್‌ನಲ್ಲಿ ರೇ ಟ್ರೇಸಿಂಗ್ (ಬೆಳಕು ನೆರಳನ್ನು ನಿಜದಂತೆ ತೋರಿಸುವ ಆಯ್ಕೆ) ಹಾಕಿ ಟೆಕ್ಸ್ಚರ್ (ವಸ್ತುಗಳ ಮೇಲ್ಮೈಯ ಚಿತ್ರ) ಅನ್ನೂ ಮೇಲಕ್ಕೆ ಏರಿಸಿದರೆ ಅದು ತುಂಬಿ, ಉಳಿದದ್ದು ಸಾಮಾನ್ಯ ರ‍್ಯಾಮ್‌ಗೆ ಚೆಲ್ಲುತ್ತದೆ. ಆಗ ಸರಾಸರಿ ಫ್ರೇಮ್ ಸಂಖ್ಯೆ ಚೆನ್ನಾಗಿಯೇ ಕಾಣಿಸುತ್ತಿದ್ದರೂ ತಿರುವು ತಿರುಗಿದಾಗಲೆಲ್ಲ ಚಿತ್ರ ಗಕ್ಕನೆ ನಿಂತು ಮುಂದೆ ಹೋಗುತ್ತದೆ. ಟೆಕ್ಸ್ಚರ್ ಒಂದು ಮೆಟ್ಟಿಲು ಇಳಿಸಿದರೆ ಸರಿಹೋಗುತ್ತದೆ. ಸ್ಕ್ರೀನ್ 2560×1600 ಆಗಿದ್ದರೆ ಎನ್‌ವಿಡಿಯಾದ ಚಿತ್ರ ಹಿಗ್ಗಿಸುವ ಆಯ್ಕೆಯಾದ ಡಿಎಲ್‌ಎಸ್‌ಎಸ್ ಅನ್ನು ಕ್ವಾಲಿಟಿಗೆ ಇಡಿ. ಒಳಗೆ ಸುಮಾರು 1707×1067ರಲ್ಲಿ ಚಿತ್ರ ಬಿಡಿಸಿ ಹಿಗ್ಗಿಸುತ್ತದೆ, 14 ಇಂಚಿನಲ್ಲಿ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದು ಕಷ್ಟ. ಎಲ್ಡನ್ ರಿಂಗ್ ಹೇಗೂ ಸೆಕೆಂಡಿಗೆ 60 ಫ್ರೇಮ್‌ಗೆ ನಿಲ್ಲುತ್ತದೆ, ಅದಕ್ಕೆ 140 ವ್ಯಾಟ್ ದಂಡ.

ಒಂದು ಎಚ್ಚರಿಕೆ. ತೆಳ್ಳನೆಯ 14 ಇಂಚಿನವುಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿರುವುದು ಹೆಚ್ಚು. ಆಮೇಲೆ ಹಾಕಿಸಿಕೊಂಡರಾಯಿತು ಎಂದುಕೊಂಡು 16 ಜಿಬಿ ತೊಗೊಂಡರೆ ಕೊನೆಯವರೆಗೂ 16ರಲ್ಲೇ ಇರಬೇಕು. ಈಗಲೇ 32 ನೋಡಿ. ಎಸ್‌ಎಸ್‌ಡಿ ಮಾತ್ರ ಸಾಮಾನ್ಯವಾಗಿ ಬದಲಿಸಬಹುದು, ಅಲ್ಲಿ ಉಳಿಸಿ. 16 ಇಂಚಿನದ್ದಕ್ಕೇ ಹೋಗುವುದಾದರೆ ಒಳಗೆ ಎರಡು ರ‍್ಯಾಮ್ ಕಡ್ಡಿ ಇವೆಯೇ ನೋಡಿಕೊಳ್ಳಿ. ಒಂದೇ ಕಡ್ಡಿ ಇದ್ದರೆ ಮೆಮೊರಿಯ ದಾರಿ ಅರ್ಧಕ್ಕೆ ಇಳಿಯುತ್ತದೆ.

ಪ್ಲಗ್_ಪಿನ್:

ಮೇಲಿನವರ ಮಾತು ಸರಿ, ಆದರೆ ತೂಕದ ಲೆಕ್ಕದಲ್ಲಿ ಚಾರ್ಜರ್ ಬಿಟ್ಟುಹೋಗಿದೆ. 16 ಇಂಚಿನ ಮೆಷಿನ್ ಜೊತೆ ಬರುವ 230 ವ್ಯಾಟ್‌ನ ಇಟ್ಟಿಗೆಯಂಥ ಚಾರ್ಜರ್ ಮತ್ತು ದಪ್ಪ ವೈರ್ ಸೇರಿದರೆ ಮುಕ್ಕಾಲು ಕೆಜಿ ದಾಟುವುದು ಮಾಮೂಲು. ಮೆಷಿನ್ ಅಲ್ಲ, ಮೆಷಿನ್ ಮತ್ತು ಇಟ್ಟಿಗೆ ಎರಡನ್ನೂ ಒಟ್ಟಿಗೆ ತಕ್ಕಡಿಗೆ ಹಾಕಿ ಹೋಲಿಸಿ.

100 ವ್ಯಾಟ್ ಟೈಪ್-ಸಿ ಸಾಕೇ? ಪೂರ್ತಿ ವೇಗಕ್ಕೆ ಸಾಲದು. ಗ್ರಾಫಿಕ್ಸ್ 90, ಪ್ರೊಸೆಸರ್ 30, ಸ್ಕ್ರೀನ್ ಫ್ಯಾನ್ ಇತ್ಯಾದಿ 15 ಎಂದರೂ 135 ಬೇಕು. ಕೊರತೆಯ 35 ವ್ಯಾಟ್ ಬ್ಯಾಟರಿಯಿಂದ ಹೋಗುತ್ತದೆ. 73 ವ್ಯಾಟ್-ಅವರ್ ಬ್ಯಾಟರಿ ಪ್ಲಗ್ ಹಾಕಿದ್ದರೂ ಎರಡು ಗಂಟೆಗೆ ಖಾಲಿ! ಎಷ್ಟೋ ಮಾಡೆಲ್‌ಗಳು ಅಷ್ಟರವರೆಗೆ ಕಾಯುವುದೂ ಇಲ್ಲ, ಬ್ಯಾಟರಿ ಒಂದು ಮಟ್ಟಕ್ಕಿಂತ ಇಳಿದ ಕೂಡಲೇ ವೇಗ ಕತ್ತರಿಸುತ್ತವೆ. ದಿನಾ ಹೀಗೆ ಬಳಸಿದರೆ ಬ್ಯಾಟರಿಯೂ ಬೇಗ ಸವೆಯುತ್ತದೆ.

ಪರಿಹಾರ ಎರಡು. ಸೈಲೆಂಟ್ ಮೋಡ್ ಹಾಕಿ, 60 ಫ್ರೇಮ್‌ಗೆ ಮಿತಿ ಇಟ್ಟರೆ ಗ್ರಾಫಿಕ್ಸ್ 50 ವ್ಯಾಟ್ ಹತ್ತಿರ ನಿಲ್ಲುತ್ತದೆ, ಒಟ್ಟು 100ರೊಳಗೆ ಬರುತ್ತದೆ. ಇನ್ನೊಂದು, ಟೈಪ್-ಸಿ ಚಾರ್ಜಿಂಗ್‌ನ ಪಿಡಿ 3.1 ಮಾನದಂಡದ 140 ವ್ಯಾಟ್ ಚಾರ್ಜರ್. ಇದು 28 ವೋಲ್ಟ್‌ನಲ್ಲಿ 5 ಆಂಪಿಯರ್ ಕೊಡುತ್ತದೆ. ಆದರೆ ಚಾರ್ಜರ್, ಕೇಬಲ್, ಲ್ಯಾಪ್‌ಟಾಪ್ ಮೂರೂ ಒಪ್ಪಬೇಕು. ಲ್ಯಾಪ್‌ಟಾಪ್ 20 ವೋಲ್ಟ್‌ಗಿಂತ ಹೆಚ್ಚು ತೊಗೊಳ್ಳದಿದ್ದರೆ 140ರ ಚಾರ್ಜರ್ ಹಾಕಿದರೂ 100 ಮಾತ್ರ. ಎಷ್ಟೋ ಸಲ ಎಡವಟ್ಟಾಗುವುದು ಕೇಬಲ್‌ನಲ್ಲಿ. ಫೋನ್ ಜೊತೆ ಬಂದ ಸಾಧಾರಣ ಕೇಬಲ್ 3 ಆಂಪಿಯರ್‌ನದ್ದು, 60 ವ್ಯಾಟ್ ದಾಟುವುದಿಲ್ಲ. 240 ವ್ಯಾಟ್ ಎಂದು ತಲೆಯ ಮೇಲೆ ಅಚ್ಚಾಗಿರುವ ಕೇಬಲ್ ಹುಡುಕಿ.

ಒಂದೇ ಚಾರ್ಜರ್‌ನ ಎರಡನೇ ಕಿಂಡಿಗೆ ಕಂಪನಿಯ ಲ್ಯಾಪ್‌ಟಾಪ್ ಸಿಕ್ಕಿಸಿದ ಕ್ಷಣ 100 ವ್ಯಾಟ್ 65 ಮತ್ತು 30 ಎಂದೋ ಹೀಗೇನೋ ಹಂಚಿಹೋಗುತ್ತದೆ, ಗೇಮ್ ಮುಗ್ಗರಿಸುತ್ತದೆ. ಆಡುವಾಗ ಒಂದೇ, ಮಲಗುವಾಗ ಎರಡೂ ಹಾಕಿ.

ವಿಮಾನಕ್ಕೆ: 100 ವ್ಯಾಟ್-ಅವರ್‌ವರೆಗಿನ ಬ್ಯಾಟರಿ ಜೊತೆಗೊಯ್ಯಲು ತೊಂದರೆಯಿಲ್ಲ. 100ರಿಂದ 160ರವರೆಗೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಸೂಟ್‌ಕೇಸ್‌ಗೆ ಹಾಕುವಂತಿಲ್ಲ. 20,000 ಎಂಎಎಚ್ ಎಂದರೆ 3.7 ವೋಲ್ಟ್‌ನಿಂದ ಗುಣಿಸಿ 74 ವ್ಯಾಟ್-ಅವರ್. ಸೀಟಿನ ಸಾಕೆಟ್‌ಗೆ ದೊಡ್ಡ ಇಟ್ಟಿಗೆ ಹಾಕಿದರೆ ಅದು ತಾನಾಗಿ ಕಡಿದುಕೊಳ್ಳುತ್ತದೆ, ಅಲ್ಲಿ ಆಡುವ ಆಸೆ ಬೇಡ.

ಕೈಯಲ್ಲೇ_ಆಟ:

ವ್ಯಾಲರಂಟ್ ಇಲ್ಲದಿದ್ದರೆ ಕಣ್ಣು ಮುಚ್ಚಿ ಸ್ಟೀಮ್ ಡೆಕ್ ಒಎಲ್‌ಇಡಿ ಎನ್ನುತ್ತಿದ್ದೆ. 640 ಗ್ರಾಂ, 50 ವ್ಯಾಟ್-ಅವರ್, 45 ವ್ಯಾಟ್‌ನ ಪುಟ್ಟ ಚಾರ್ಜರ್. ಕಂಪನಿಯ ಲ್ಯಾಪ್‌ಟಾಪ್ ಚಾರ್ಜರ್ ಟೈಪ್-ಸಿ ಆಗಿದ್ದರೆ ಅದೇ ಸಾಕು, ಇನ್ನೊಂದು ಬೇಡವೇ ಬೇಡ. ಎರಡನೇ ಲ್ಯಾಪ್‌ಟಾಪ್ ಹೊರುವುದಕ್ಕೂ ಇದಕ್ಕೂ ಭುಜಕ್ಕೆ ಗೊತ್ತಾಗುವ ವ್ಯತ್ಯಾಸ. ಎಲ್ಡನ್ ರಿಂಗ್ ಚೆನ್ನಾಗಿಯೇ ಓಡುತ್ತದೆ. ಸೈಬರ್‌ಪಂಕ್ 30ರಿಂದ 40 ಫ್ರೇಮ್ ಎಂದು ಒಪ್ಪಿಕೊಂಡು ಆಡಬೇಕು. ಸ್ಕ್ರೀನ್ 1280×800 ಮಾತ್ರ, ಅದಕ್ಕೇ ಆ ಚಿಪ್ ನಿಭಾಯಿಸುತ್ತದೆ.

ಆದರೆ ವ್ಯಾಲರಂಟ್‌ನಲ್ಲಿ ಮೋಸದಾಟ ತಡೆಯುವ ವ್ಯಾನ್‌ಗಾರ್ಡ್ ತಂತ್ರಾಂಶ ವಿಂಡೋಸ್ ಬಿಟ್ಟು ಬೇರೆಡೆ ನಡೆಯುವುದಿಲ್ಲ. ಡೆಕ್‌ನ ಸ್ಟೀಮ್ ಒಎಸ್ ಲಿನಕ್ಸ್. ಡೆಕ್ ಥರದ್ದೇ, ಆದರೆ ವಿಂಡೋಸ್ ಇರುವ ರಾಗ್ ಆಲೈ ಎಕ್ಸ್ 678 ಗ್ರಾಂ, 80 ವ್ಯಾಟ್-ಅವರ್, ಆದರೂ ಕಂಪ್ಯೂಟರ್‌ನ ವ್ಯಾಲರಂಟ್ ಕಂಟ್ರೋಲರ್ ಒಪ್ಪುವುದಿಲ್ಲ. ಕೀಬೋರ್ಡ್, ಮೌಸ್ ಎರಡೂ ಹೊರಬೇಕು. ಹಾಗೆ ನೋಡಿದರೆ ನಿಮ್ಮ ಪಟ್ಟಿಗೆ 14 ಇಂಚಿನದ್ದೇ ಸರಿ. ವ್ಯಾಲರಂಟ್ ಅನ್ನು ಮನೆಗೇ ಬಿಡಬಲ್ಲಿರಾ ಎಂದು ಒಮ್ಮೆ ಯೋಚಿಸಿ, ಉತ್ತರ ಅಲ್ಲೇ ಇದೆ.

ಹಗುರ_ಚೀಲ:

ಬಹಳ ಉಪಕಾರವಾಯಿತು. ವ್ಯಾಲರಂಟ್ ಬಿಡಲಾಗದು, ಹಾಗಾಗಿ 14 ಇಂಚು, 32 ಜಿಬಿ. ಇನ್ನೊಂದೇ ಪ್ರಶ್ನೆ: ಇಷ್ಟು ತೆಳ್ಳನೆಯದರಲ್ಲಿ ಬಿಸಿ ಮತ್ತು ಫ್ಯಾನ್ ಸದ್ದಿಗೆ ಏನು ಮಾಡುವುದು? ಪಕ್ಕದ ಹಾಸಿಗೆಯಲ್ಲಿ ಸಹೋದ್ಯೋಗಿ ಮಲಗಿರುವುದೂ ಉಂಟು.

ವ್ಯಾಟ್_ಲೆಕ್ಕ:

ಮೊದಲು ಪ್ರೊಸೆಸರ್ ಟರ್ಬೊ, ಅಂದರೆ ಅದು ತಾನಾಗಿ ವೇಗ ಏರಿಸಿಕೊಳ್ಳುವುದನ್ನು, ನಿಲ್ಲಿಸಿ. ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ಅಡ್ವಾನ್ಸ್ಡ್ ಸೆಟ್ಟಿಂಗ್ಸ್, ಅದರಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ ಅನ್ನು 100ರಿಂದ 99ಕ್ಕೆ ಇಳಿಸಿ. ಒಂದೇ ಅಂಕಿ, ಆದರೆ ಟರ್ಬೊ ಪೂರ್ತಿ ಆಫ್ ಆಗಿ ಬಿಸಿ ಎದ್ದು ಕಾಣುವಷ್ಟು ಇಳಿಯುತ್ತದೆ. ಗ್ರಾಫಿಕ್ಸ್ ಮೇಲೆಯೇ ಭಾರ ಬೀಳುವ ಸೈಬರ್‌ಪಂಕ್‌ನಲ್ಲಿ ಬಹುಪಾಲು ನಷ್ಟ ತಿಳಿಯುವುದಿಲ್ಲ; ವ್ಯಾಲರಂಟ್ ಪ್ರೊಸೆಸರ್ ನೆಚ್ಚಿದ ಆಟ, ಅದಕ್ಕೆ ಮಾತ್ರ 100ಕ್ಕೆ ತಿರುಗಿಸಿ. ಕೆಲವು ಮಾಡೆಲ್‌ಗಳಲ್ಲಿ ಈ ಆಯ್ಕೆ ಅಡಗಿರುತ್ತದೆ, ಆಗ ತಯಾರಕರ ಆ್ಯಪ್‌ನ ಸೈಲೆಂಟ್ ಮೋಡ್ ಬಳಸಿ. ಫ್ರೇಮ್ ಮಿತಿಯನ್ನು ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ ಮ್ಯಾಕ್ಸ್ ಫ್ರೇಮ್ ರೇಟ್‌ನಲ್ಲಿ 60ಕ್ಕೆ ಇಡಿ.

ಹಾಸಿಗೆಯ ಮೇಲಂತೂ ಇಡಲೇಬೇಡಿ. ಗಾಳಿ ಎಳೆಯುವ ಕಿಂಡಿ ತಳದಲ್ಲಿದೆ, ಹೊದಿಕೆ ಅದನ್ನು ಮುಚ್ಚಿಬಿಡುತ್ತದೆ. ಮೇಜಿನ ಮೇಲೆ ಹಿಂಬದಿಯನ್ನು ಎರಡು ಮೂರು ಸೆಂಟಿಮೀಟರ್ ಎತ್ತರಿಸಿದರೂ ಸಾಕು, ಎರಡು ಬಾಟಲಿ ಮುಚ್ಚಳ ಇಟ್ಟರೂ ಆದೀತು.

ಚೀಲಕ್ಕೆ ಹಾಕುವ ಮೊದಲು ಸ್ಲೀಪ್ ಅಲ್ಲ, ಹೈಬರ್ನೇಟ್ ಮಾಡಿ. ಈಗಿನ ಲ್ಯಾಪ್‌ಟಾಪ್‌ಗಳು ಮುಚ್ಚಿದ ಮೇಲೂ ಅಪ್‌ಡೇಟ್‌ಗೆಂದು ಎದ್ದು ಕೂರುತ್ತವೆ, ಚೀಲದೊಳಗೆ ಗಾಳಿಯಿಲ್ಲದೆ ಬಿಸಿಯೇರುತ್ತವೆ, ತಲುಪುವಷ್ಟರಲ್ಲಿ ಬ್ಯಾಟರಿಯೂ ಇಳಿದಿರುತ್ತದೆ. ಪವರ್ ಆಪ್ಷನ್ಸ್‌ನಲ್ಲಿ ಮುಚ್ಚಳ ಮುಚ್ಚಿದಾಗ ಹೈಬರ್ನೇಟ್ ಎಂದು ಒಮ್ಮೆ ಇಟ್ಟುಬಿಟ್ಟರೆ ಮರೆತರೂ ಚಿಂತೆಯಿಲ್ಲ.

ಕೈಯಲ್ಲೇ_ಆಟ:

ಹೊರಡುವ ಹಿಂದಿನ ರಾತ್ರಿ ಮನೆಯ ನೆಟ್‌ನಲ್ಲೇ ಅಪ್‌ಡೇಟ್ ಮುಗಿಸಿ. 70 ಜಿಬಿ ದಾಟುವ ಸೈಬರ್‌ಪಂಕ್ ಅನ್ನು ಹೋಟೆಲ್ ವೈಫೈನಲ್ಲಿ ಇಳಿಸಲು ಕೂತರೆ ಆ ರಾತ್ರಿ ಆಟವಿಲ್ಲ. ಪ್ರತಿ ಗೇಮನ್ನೂ ಆನ್‌ಲೈನ್ ಇರುವಾಗ ಒಮ್ಮೆ ತೆರೆದು ಮುಚ್ಚಿ, ಕ್ಲೌಡ್ ಸೇವ್ ಸಿಂಕ್ ಆಯಿತೆಂದು ನೋಡಿಕೊಂಡು, ಆಮೇಲೆ ಸ್ಟೀಮ್ ಆಫ್‌ಲೈನ್ ಮಾಡಿ. ತೆರೆಯದೆ ಹೊರಟರೆ ಮೊದಲ ಸಲದ ಸೆಟಪ್‌ಗೆ ನೆಟ್ ಕೇಳಿ ಅಲ್ಲೇ ನಿಂತುಬಿಡಬಹುದು. ವ್ಯಾಲರಂಟ್‌ಗೆ ಆಫ್‌ಲೈನ್ ಇಲ್ಲವಲ್ಲ, ಅದಕ್ಕೆ ಹೋಟೆಲ್ ವೈಫೈಗಿಂತ ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಸಿಕ್ಕಿಸಿ ಟೆದರಿಂಗ್ ಮಾಡಿ ನೋಡಿ. ವೇಗ ಕಡಿಮೆಯಿದ್ದರೂ ಪಿಂಗ್ (ಸರ್ವರ್‌ಗೆ ಹೋಗಿ ಬರುವ ಸಮಯ) ಹಾರಾಡುವುದು ನಿಲ್ಲುವ ಸಾಧ್ಯತೆ ಹೆಚ್ಚು.