ಹಲಸಿನ ಹಪ್ಪಳದ ಲೇಬಲ್ಲಿಗೆ ಲೋಗೋ: ಪ್ರೆಸ್‌ನವರ ಮಾತು ಕೇಳಬೇಕಾ?

ಮಲೆನಾಡಹುಡುಗಿ:
ಶಿರಸಿ ಹತ್ತಿರ ಅಮ್ಮನ ಸ್ವಸಹಾಯ ಸಂಘದವರು ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತಾರೆ. ಇಷ್ಟು ದಿನ ಕವರಿನೊಳಗೆ ಚೀಟಿ ಹಾಕಿದರೆ ಸಾಕಿತ್ತು. ಈಗ ಬೆಂಗಳೂರಿನ ಒಂದು ಅಂಗಡಿಯವರು ಮಾಲು ಕೇಳಿದ್ದಾರೆ, ಲೇಬಲ್ ಬೇಕಂತೆ. ಮೊಬೈಲ್ ಆಪ್‌ನಲ್ಲಿ ಲೋಗೋ ಮಾಡಿದ್ದೇನೆ: ಹಲಸಿನ ಮರ, ಕೈ ಹಿಡಿದ ಹೆಂಗಸರು, ಸೂರ್ಯ, ಸುತ್ತ ವೃತ್ತದಲ್ಲಿ ಸಂಘದ ಹೆಸರು, ಒಟ್ಟು ಐದು ಬಣ್ಣ. ಪ್ರೆಸ್‌ನವರು "ಜೆಪೆಗ್ ಬೇಡ, ಸಿಡಿಆರ್ ತನ್ನಿ, ಬಣ್ಣ ಕಮ್ಮಿ ಮಾಡಿ" ಅಂದರು. ಸಂಘದವರಿಗೆ ಮರವೂ ಬೇಕು, ಸೂರ್ಯನೂ ಬೇಕು. ಏನು ಮಾಡಲಿ?

ಅಚ್ಚಿನಮನೆ:
ತಂಗೀ, ಸಾಗರದಲ್ಲಿ ಡಿಟಿಪಿ, ಸ್ಕ್ರೀನ್ ಪ್ರಿಂಟಿಂಗ್ ನನ್ನ ಕೆಲಸ. ಪ್ರೆಸ್‌ನವರು ಹೇಳಿದ್ದು ಸರಿ. ಸಿಡಿಆರ್ ಅಂದರೆ ಕೋರಲ್‌ಡ್ರಾ ಎಂಬ ವಿನ್ಯಾಸದ ಸಾಫ್ಟ್‌ವೇರಿನ ಫೈಲ್. ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಬಣ್ಣಕ್ಕೊಂದು ಸ್ಕ್ರೀನ್ (ಜಾಲರಿಯ ಅಚ್ಚು) ಬೇಕು, ಬಣ್ಣಕ್ಕೊಂದು ಸಲ ಒತ್ತಬೇಕು. ಕೂದಲೆಳೆಯಷ್ಟು ಜರುಗಿದರೂ ಹೆಂಗಸರ ಮುಖ ಸೀರೆಯ ಮೇಲೆ ಬರುತ್ತದೆ. ಮರ, ಸೂರ್ಯ ಸಂತೆಯ ಬ್ಯಾನರಿಗೆ ಇರಲಿ. ಲೇಬಲ್ಲಿಗೆ ಮೊದಲು ಹೆಸರಿನ ಅಕ್ಷರ ಗಟ್ಟಿ ಮಾಡಿಕೊಳ್ಳಿ. ಮತ್ತೊಮ್ಮೆ ಕೊಳ್ಳಲು ಬಂದವರು ಹೆಸರು ಹೇಳಿಯೇ ಕೇಳುತ್ತಾರೆ.

ಹೆಸರನ್ನು ವೃತ್ತದಲ್ಲಿ ಬರೆಯಲೇಬೇಡಿ. ಮೇಲಿನ ಅರ್ಧದಲ್ಲಿ ಅಕ್ಷರಗಳ ತಲೆ ಬಿಡಿಯಾಗಿ, ಬುಡ ಒತ್ತೊತ್ತಾಗಿ ಬರುತ್ತದೆ. ಕನ್ನಡದ ಒತ್ತಕ್ಷರ ಇರುವುದೇ ಬುಡದಲ್ಲಿ. 'ಹಪ್ಪಳ' ಅಂತ ಬರೆದು ಚಿಕ್ಕದು ಮಾಡುತ್ತಾ ಹೋಗಿ: ಎಲ್ಲಕ್ಕಿಂತ ಮೊದಲು ಆ ಪ-ಒತ್ತಿನ ಹೊಟ್ಟೆ ಮುಚ್ಚುತ್ತದೆ, ಶಾಯಿ ತುಂಬಿ ಬರೀ ಚುಕ್ಕೆಯಾಗುತ್ತದೆ. ನೇರ ಸಾಲಿನಲ್ಲೇ ಬರೆಯಿರಿ, ಎರಡು ಸಾಲಾದರೆ ಒತ್ತು ಕೆಳಗಿನ ಸಾಲಿಗೆ ತಾಗದಷ್ಟು ಜಾಗ ಬಿಡಿ.

ಫಾಂಟಿಗೆ ಅನೇಕ್ ಕನ್ನಡ ಅಥವಾ ಬಲೂ ತಮ್ಮ ನೋಡಿ. ಎರಡೂ ಉಚಿತ, ಮುಕ್ತ ಲೈಸೆನ್ಸಿನವು, ವ್ಯಾಪಾರಕ್ಕೂ ಬಳಸಬಹುದು. ಅನೇಕ್‌ನಲ್ಲಿ ಅಕ್ಷರದ ಅಗಲವನ್ನೂ ಹಿಗ್ಗಿಸಿ ಕುಗ್ಗಿಸಬಹುದು, ಉದ್ದ ಹೆಸರಿಗೆ ಅನುಕೂಲ. ಕೋರಲ್‌ನಲ್ಲಿ ಮುಗಿಸಿದ ಮೇಲೆ ಕಂಟ್ರೋಲ್ ಕ್ಯೂ ಒತ್ತಿ ಕರ್ವ್ಸ್ ಮಾಡಿಕೊಡಿ, ಅಂದರೆ ಅಕ್ಷರಗಳನ್ನು ಬರೀ ಆಕಾರಗಳಾಗಿ ಬದಲಿಸಿ. ಇಲ್ಲದಿದ್ದರೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅಕ್ಷರ ಬದಲಾಗುತ್ತದೆ.

ಪರೀಕ್ಷೆ ಹೀಗೆ ಮಾಡಿ. ಲೋಗೋವನ್ನು ಬರೀ ಕಪ್ಪಿನಲ್ಲಿ, ಎರಡು ಸೆಂಟಿಮೀಟರ್ ಅಗಲಕ್ಕೆ ಪ್ರಿಂಟ್ ತೆಗೆದು, ಅದರ ಝೆರಾಕ್ಸ್, ಆ ಝೆರಾಕ್ಸಿನ ಝೆರಾಕ್ಸ್ ತೆಗೆಸಿ. ಅದನ್ನು ಅಮ್ಮ ಕನ್ನಡಕವಿಲ್ಲದೆ ಓದಿದರೆ ರಬ್ಬರ್ ಸ್ಟಾಂಪಿಗೂ ನಡೆಯುತ್ತದೆ.

ಅಂಗಡಿಲೆಕ್ಕ:
ಲೇಬಲ್ಲಿನಲ್ಲಿ ಜಾಗ ಮೊದಲೇ ಬಿಟ್ಟುಕೊಳ್ಳಿ ಅಕ್ಕ. ಸಸ್ಯಾಹಾರದ ಗುರುತಾದ ಹಸಿರು ಚೌಕದೊಳಗಿನ ಹಸಿರು ಚುಕ್ಕೆ, ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಕೊಡುವ 14 ಅಂಕಿಯ ನಂಬರ್, ತೂಕ, ಎಂಆರ್‌ಪಿ ಎಲ್ಲ ಬರಬೇಕು. ಗಂಡಭೇರುಂಡ ಹಾಕೋಣ ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ, ಅದು ಸರ್ಕಾರಿ ಲಾಂಛನ. ಟ್ರೇಡ್‌ಮಾರ್ಕ್ ಒಮ್ಮೆ ನೋಂದಾಯಿಸಿದರೆ 10 ವರ್ಷ, ಆಮೇಲೆ ನವೀಕರಿಸಬೇಕು.

ಮಲೆನಾಡಹುಡುಗಿ:
ಇಬ್ಬರಿಗೂ ಧನ್ಯವಾದ. ಅಣ್ಣಾ, ಅಮ್ಮನ ಕೈಬರಹ ದುಂಡಗೆ ಚೆನ್ನಾಗಿದೆ. ಹೆಸರನ್ನು ಅವಳ ಕೈಯಲ್ಲೇ ಬರೆಸಬಹುದಾ?

ಅಚ್ಚಿನಮನೆ:
ಧಾರಾಳವಾಗಿ! ಅದು ಬೇರೆ ಯಾರ ಹಪ್ಪಳದ ಮೇಲೂ ಇರುವುದಿಲ್ಲ. ದಪ್ಪ ಮಾರ್ಕರ್ ಕೊಟ್ಟು ಇಡೀ ಹಾಳೆಯ ಅಗಲಕ್ಕೆ ಬರೆಸಿ, ಒತ್ತುಗಳನ್ನು ಸ್ವಲ್ಪ ದೊಡ್ಡದಾಗಿಯೇ ಬರೆಯಲು ಹೇಳಿ. 600 ಡಿಪಿಐಗೆ ಸ್ಕ್ಯಾನ್ ಮಾಡಿ ಕಳಿಸಿದರೆ ನಾನೇ ಟ್ರೇಸ್ ಮಾಡಿ (ಅಕ್ಷರದ ಅಂಚನ್ನು ಗೆರೆಯಾಗಿ ಎತ್ತಿಕೊಂಡು) ಸಿಡಿಆರ್ ಕೊಡುತ್ತೇನೆ. ಕೈಬರಹ ಹೆಸರಿಗಷ್ಟೇ ಸಾಕು, ಉಳಿದ ವಿವರಕ್ಕೆಲ್ಲ ಅನೇಕ್ ಇರಲಿ.